ಠಣ್ಣೆಂದ ಗೋಡೆ

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಹದಿನೇಳನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಸೊಂಟದ ನೋವು ಹೇಗಿದೆ? ಹೋದ ಕಾಗದದಲ್ಲಿ ನೀನು ‘ಪರವಾಗಿಲ್ಲ’ ಎಂದು ಒಂದೇ ಮಾತು ಬರೆದು ಮುಗಿಸಿದ್ದೆ. ನಿನ್ನ ಪರವಾಗಿಲ್ಲ ನನಗೆ ಗೊತ್ತಿಲ್ಲವೇ? ಎಂಟನೇ ವಯಸ್ಸಿನಲ್ಲಿ ಕೈ ಮುರಿದುಕೊಂಡು ಬಂದಾಗಲೂ ಹಾಗೇ ಅಂದವಳು ನೀನು. ರೋಗಿಗಳನ್ನು ಒಬ್ಬಳೇ ಎತ್ತಬೇಡ, ಇನ್ನೊಬ್ಬ ನರ್ಸನ್ನು ಕೂಗು. ಆ ಗಣಿಯ ಆಸ್ಪತ್ರೆಯಲ್ಲಿ ಫೋನ್ ಹಿಡಿಯುವುದಿಲ್ಲ, ಟಪಾಲು ಗಾಡಿ ವಾರಕ್ಕೆ ಎರಡೇ ಸಲ ಎಂದು ನೀನು ಹೇಳಿದಾಗ ನಾನು ಒಳಗೊಳಗೇ ಖುಷಿಪಟ್ಟಿದ್ದೆ, ಕಾಗದ ಬರೆಯಲು ಒಂದು ನೆಪವಾಯಿತಲ್ಲ ಎಂದು. ಇವತ್ತು ಆ ಗಾಡಿಗೆ ಶಾಪ ಹಾಕುತ್ತಾ ಕೂತಿದ್ದೇನೆ.

ಗಾಬರಿಯಾಗಬೇಡ, ನಿನ್ನ ಮಗಳು ಚೆನ್ನಾಗಿದ್ದಾಳೆ. ಈಗ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಾ ಹಾಡುತ್ತಿದ್ದಾಳೆ, ಶ್ರುತಿಯೂ ಇಲ್ಲ, ತಾಳವೂ ಇಲ್ಲ, ಥೇಟ್ ನಿನ್ನ ಹಾಗೆ. ಹೆದರಿರುವವಳು ನಾನು. ನಿನ್ನೆ ರಾತ್ರಿ ನಿದ್ದೆ ಮಾಡಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ. ಹೆಂಚಿನ ಅಚ್ಚು ನೋಡಿಕೊಂಡು ಅಕ್ಷರ ಕಲಿತವಳು ನಾನು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು ಇರುತ್ತದೆಂದು ತಿಳಿಯದೆ ಒಂದು ವರ್ಷ ಕನ್ನಡಿಯಲ್ಲಿ ಕಂಡ ಹಾಗೆ ಬರೆಯುತ್ತಿದ್ದೆ. ನಿಮ್ಮಪ್ಪ ನನ್ನ ಮೊದಲ ಕಾಗದವನ್ನು ದೀಪಕ್ಕೆ ಹಿಡಿದು ಹಿಂದಿನಿಂದ ಓದಿದರಂತೆ.

ರಸ್ತೆ ಅಗಲ ಮಾಡಲೆಂದು ಕಾಲುವೆಯ ದಂಡೆ ಅಗೆದಾಗ ಹಳೇ ಭಟ್ಟಿಗಳು ಸಿಕ್ಕಿದವು ಎಂದು ಬರೆದಿದ್ದೆನಲ್ಲ, ಈಗ ಏಳು ಆಗಿವೆ. ಐದು ಮಡಕೆ ಸುಟ್ಟವು, ಎರಡು ಹೆಂಚು ಸುಟ್ಟವು. ಆರುನೂರು ವರ್ಷದ ಹಿಂದಿನವೆಂದು ಅಗೆತದ ದೊಡ್ಡ ಮೇಷ್ಟ್ರ ಅಂದಾಜು. ಜಿಲ್ಲೆಯಲ್ಲಿ ಇನ್ನೂ ಹತ್ತು ಕಡೆ ಇಂಥ ಭಟ್ಟಿಗಳ ಗುರುತಿದೆಯಂತೆ, ಆದರೆ ಎಲ್ಲವೂ ಬುಡ ಮಾತ್ರ. ಸೌದೆ ತುಂಬುವ ಬಾಯಿ, ಬೆಂಕಿ ಹರಿಯುವ ಸುರಂಗ, ಮೇಲೆ ಕಮಾನಿನ ಮಾಡು, ಎಲ್ಲ ನಿಂತ ಹಾಗೇ ಉಳಿದದ್ದು ನಮ್ಮ ಆರನೇ ಭಟ್ಟಿ ಒಂದೇ. ಅದರ ಪಕ್ಕದಲ್ಲಿ ಕೆಟ್ಟ ಹೆಂಚುಗಳ ಗುಡ್ಡೆಯೊಂದಿದೆ, ಬೆಂದು ಸೊಟ್ಟಗಾದವು, ಒಂದಕ್ಕೊಂದು ಅಂಟಿಕೊಂಡವು. ಒಂದರ ಮೇಲೆ ಯಾರದೋ ಮೊಣಕೈ ಊರಿದ ಗುರುತಿದೆ. ಹಸಿ ಹೆಂಚಿನ ಮೇಲೆ ಒರಗಿ ಹರಟೆ ಹೊಡೆದಿರಬೇಕು ಪುಣ್ಯಾತ್ಮ. ಮೇಸ್ತ್ರಿಯ ಕೈಲಿ ಎಷ್ಟು ಬೈಸಿಕೊಂಡನೋ.

ನನ್ನ ಕೆಲಸ ಚೂರುಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸುವುದು. ತನ್ನ ಜೊತೆ ಅಗೆತದ ಕೆಲಸಕ್ಕೆ ನಿನ್ನ ಮಗಳೇ ಸೇರಿಸಿದಳು. ಅವಳು ತೆಳ್ಳಗಿದ್ದಾಳೆ, ಎಂಥ ಸಂದಿಯಲ್ಲೂ ತೂರುತ್ತಾಳೆ ಎಂದು ಅಲ್ಲಿ ಎಲ್ಲರೂ ಇಲಿಮರಿ ಅನ್ನುತ್ತಾರೆ. ನನಗೆ ಠಣ್ಣಜ್ಜಿ ಎಂದು ಹೆಸರಿಟ್ಟಿದ್ದಾರೆ. ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಹೆಂಚನ್ನು ಎರಡು ಬೆರಳಲ್ಲಿ ತೂಗಿಬಿಟ್ಟು, ಗೆಣ್ಣಿನಿಂದ ತಟ್ಟಿ, ಠಣ್ ಅಂದ ಗಟ್ಟಿ ಹೆಂಚು ಈ ಕಡೆ, ಡಬ್ ಅಂದ ಕೆಟ್ಟದ್ದು ಆ ಕಡೆ ಎಂದು ಬೇರೆ ಮಾಡಿದವಳು ಎಂದು ಒಂದು ದಿನ ಜಂಬ ಕೊಚ್ಚಿಕೊಂಡಿದ್ದೆ, ಅದಕ್ಕೆ. ಬಾಯಿ ಮುಚ್ಚಿಕೊಂಡು ಚೂರು ತೊಳೆದುಕೊಂಡಿದ್ದರೆ ಇವತ್ತು ಈ ಕಾಗದವೇ ಇರುತ್ತಿರಲಿಲ್ಲ.

ಗುರುವಾರದ ಮಾತು. ಆರನೇ ಭಟ್ಟಿಯ ಸುರಂಗದ ಒಳತುದಿಯ ನೆಲದಿಂದ ಸುಟ್ಟ ಮಣ್ಣು ತರಬೇಕು. ಭಟ್ಟಿ ಕೊನೆಯ ಸಲ ಉರಿದದ್ದು ಯಾವ ಕಾಲದಲ್ಲಿ ಎಂದು ಆ ಮಣ್ಣೇ ಹೇಳುತ್ತದಂತೆ. ಬುಧವಾರ ರಸ್ತೆಯವರ ಯಂತ್ರ ಬಂದು ಭಟ್ಟಿಯನ್ನು ನಿಂತ ಹಾಗೇ ಮರಳಲ್ಲಿ ಹೂತು ಉಳಿಸುತ್ತದೆ, ಆಮೇಲೆ ಒಳಗೆ ಹೋಗಲಾಗದು. ಅಷ್ಟರೊಳಗೆ ಇಲಿಮರಿ ತೆವಳಿಕೊಂಡು ಹೋಗಿ ತರುವುದೆಂದು ಮಾತಾಗಿತ್ತು. ಆದರೆ ಮಾಡಿಗೆ ಆಧಾರವಾಗಿ ಕೊಟ್ಟಿದ್ದ ಮರದ ಕಂಬಗಳು ದಾರಿಗೆ ಅಡ್ಡ. ಮೂರನೇ ಗುಂಡಿಯ ಗೋಡೆ ಉಬ್ಬಿಕೊಂಡಿದ್ದರಿಂದ ಕಂಬಗಳು ಅಲ್ಲಿಗೂ ಬೇಕಿದ್ದವು. ಕಂಬವಿಲ್ಲದೆ ಮಾಡು ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡುವ ಇಂಜಿನಿಯರು ಬರಲು ಇನ್ನೂ ಹತ್ತು ದಿನ. ಮೇಷ್ಟ್ರು ತಲೆ ಕೆರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಠಣ್ಣಜ್ಜೀ, ನೀವೇ ಒಂದ್ಸಲ ತಟ್ಟಿ ನೋಡ್ಬಾರ್ದಾ?” ಅಂದರು. ಅರ್ಧ ತಮಾಷೆಗೆ ಅಂದದ್ದು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟೆ. ಹನ್ನೆರಡು ಜನ ಉಸಿರು ಬಿಗಿಹಿಡಿದು ನಿಂತಿದ್ದರು ಕಣೇ. ಬಾಯಿಯೊಳಗೆ ತಲೆ ಹಾಕಿ ಗೋಡೆಗೆ ಮೂರು ಕಡೆ, ಕಮಾನಿಗೆ ಎರಡು ಕಡೆ ತಟ್ಟಿದೆ. ಠಣ್ ಅಂದಿತು, ಗಂಟೆಯ ಹಾಗೆ. “ಇನ್ನೂ ಆರ್ನೂರು ವರ್ಷ ನಿಲ್ಲುತ್ತೆ, ತೆಗೀರಿ ನಿಮ್ಮ ಕಂಬಾನ” ಅಂದೆ. ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಕೂಡ ಹಾಕಿದರು. ನಿನ್ನ ಮಗಳು ಎಲ್ಲರ ಮುಂದೆ ನನ್ನ ಕೆನ್ನೆಗೆ ಮುತ್ತು ಕೊಟ್ಟು, “ನಮ್ಮಜ್ಜಿ ಮುಂದೆ ಇಂಜಿನಿಯರು ಯಾವ ಲೆಕ್ಕ” ಅಂದಳು. ಸಂಜೆಯೊಳಗೆ ಕಂಬ ಬಿಚ್ಚಿ ಒಯ್ದರು. ಅವತ್ತು ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ನಿನ್ನೆ ಸಂಜೆ ಅದೇ ಆರನೇ ಭಟ್ಟಿಯ ಗೋಡೆಯಿಂದ ಹಿಂದೆಂದೋ ಕಳಚಿಬಿದ್ದ ಅಂಗೈಯಗಲದ ತುಂಡೊಂದು ತೊಳೆಯಲು ಬಂತು. ಅಭ್ಯಾಸಬಲ, ತಟ್ಟಿದೆ. ಠಣ್ ಅಂದಿತು. ನೀರಿನ ಬೋಗುಣಿಗೆ ಹಾಕಿ, ಪಕ್ಕದಲ್ಲಿ ಕೂತ ಹುಡುಗಿಯೊಂದಿಗೆ ಏನೋ ಮಾತಾಡಿ, ತಿರುಗಿ ಕೈ ಹಾಕಿದರೆ ತುಂಡೇ ಇಲ್ಲ. ನೀರೆಲ್ಲ ಕೆಸರು. ಕೈಗೆ ಸಿಕ್ಕಿದ್ದು ತೆಳ್ಳನೆಯ ಹಸಿರು ಸಿಪ್ಪೆ, ಮೊಟ್ಟೆಯ ಚಿಪ್ಪಿಗಿಂತ ಒಂದು ಚೂರು ದಪ್ಪ. ಬೆಂಕಿ ತಾಗಿ ತಾಗಿ ಗೋಡೆಯ ಮೈ ಕರಗಿ ಗಾಜಾಗಿದೆ. ಠಣ್ ಅಂದದ್ದು ಆ ಗಾಜು. ಅದರ ಹಿಂದೆ ಇರುವುದು ಬೇಯದ ಮಣ್ಣು.

ಇದು ನನಗೆ ತಿಳಿಯದ ವಿಷಯವೇ? ಕಾರ್ಖಾನೆಯಲ್ಲಿ ಒಂದು ಸಲ ಮೆರುಗಿನ ಹೆಂಚುಗಳು ಬಂದವು. ತಟ್ಟಿದರೆ ಬೆಳ್ಳಿಯ ಹಾಗೆ ನುಡಿಯುತ್ತಿದ್ದವು. ಒಂದು ಗಾಡಿ ಪೂರ್ತಿ ಪಾಸು ಮಾಡಿದೆ. ಯಾರದೋ ದನದ ಕೊಟ್ಟಿಗೆಗೆ ಹೊದಿಸಿದರು, ಮೊದಲ ಮಳೆಗೇ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿ ದನಗಳ ಬೆನ್ನ ಮೇಲೆ ಬಿದ್ದವು. ದನಗಳಿಗೇನೂ ಆಗಲಿಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ. ಮೆರುಗು ಇದ್ದದ್ದನ್ನು ಬೆನ್ನು ಕೆರೆದು ನೋಡದೆ ತಟ್ಟಬಾರದೆಂದು ಅವತ್ತೇ ಕಲಿತಿದ್ದೆ. ಚಪ್ಪಾಳೆಯ ಆಸೆಗೆ ಮರೆತೆ. ತೂಗಿಬಿಟ್ಟ ಹೆಂಚೇ ಹಾಗೆ ಸುಳ್ಳು ಹೇಳಿದ ಮೇಲೆ, ಮಣ್ಣಿಗೆ ಅಂಟಿ ನಿಂತ ಗೋಡೆ ಏನು ನಿಜ ಹೇಳೀತು?

ನಾಳೆ ಹತ್ತು ಗಂಟೆಗೆ ಅವಳು ಒಳಗೆ ಹೋಗುತ್ತಾಳೆ. ಸುರಂಗ ಎಂಟು ಮೊಳ ಉದ್ದ, ಎತ್ತರ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಹೊಟ್ಟೆಯ ಮೇಲೆ ತೆವಳಬೇಕು, ತಿರುಗಲು ಜಾಗವಿಲ್ಲ, ಹಾಗೇ ಹಿಂದಕ್ಕೆ ಜಾರಿ ಬರಬೇಕು. ಮಾಡಿನ ಮೇಲೆ ಆಳೆತ್ತರದ ಮಣ್ಣಿದೆ. ಕಣ್ಣು ಮುಚ್ಚಿದರೆ ಅವಳ ಅಂಗಾಲು ಮಾತ್ರ ಕಾಣುತ್ತದೆ ನನಗೆ.

ಹೇಳಲು ಪ್ರಯತ್ನಿಸಿದೆ, ಇಲ್ಲವೆಂದಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ “ಆ ಸುರಂಗಕ್ಕೆ ಬೇರೆ ಯಾರಾದ್ರೂ ಹೋಗ್ಬಾರ್ದೇನೇ?” ಅಂದೆ. “ಅಜ್ಜೀ, ಬೇರೆ ಯಾರು ಹೋದ್ರೂ ಬಾಟಲಿ ಬಿರಡೆ ಥರ ಸಿಕ್ಕಾಕ್ಕೊಳ್ತಾರೆ. ಮೇಷ್ಟ್ರ ಹೊಟ್ಟೆ ನೋಡಿದ್ದೀಯಾ?” ಎಂದು ನಕ್ಕಳು. ನಾನೂ ನಕ್ಕುಬಿಟ್ಟೆ. ಅವಳ ತಟ್ಟೆಗೆ ಇನ್ನಷ್ಟು ಬಡಿಸಿ ಎದ್ದೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಮಗಳೇ. ಓದಿದ ಹನ್ನೆರಡು ಜನ ನನ್ನ ಮಾತಿಗಾಗಿ ಕಾದು ನಿಂತದ್ದು ಈ ಎಪ್ಪತ್ತೊಂದು ವರ್ಷದಲ್ಲಿ ಅದೊಂದೇ ಸಲ. ಅದನ್ನು ಹೇಗೆ ವಾಪಸು ಕೊಡಲಿ?

ಅದಕ್ಕೇ ಒಂದು ಉಪಕಾರ ಮಾಡು. ನೀನೇ ಅವಳಿಗೆ ಬರೆ, ಆ ಸುರಂಗದ ಕೆಲಸ ಬೇಡ ಅನ್ನು. ಕೆಟ್ಟ ಕನಸು ಬಿತ್ತು ಅನ್ನು, ಸೊಂಟ ನೋವು ಜಾಸ್ತಿಯಾಗಿದೆ, ತಕ್ಷಣ ಹೊರಟು ಬಾ ಅನ್ನು, ಏನಾದರೂ ಅನ್ನು. ನಾನು ಬರೆದೆ ಎಂದು ಮಾತ್ರ ಹೇಳಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿಪಾಳಿ ಮುಗಿದ ಮೇಲೆ ಬಟ್ಟೆ ಒಗೆಯಲು ಕೂರಬೇಡ, ಮೊದಲು ನಿದ್ದೆ ಮಾಡು. ನಿನ್ನ ಜೊತೆಯ ನರ್ಸಮ್ಮನಿಗೆ ನಾನು ಕೇಳಿದೆನೆಂದು ಹೇಳು. ನೂರು ವರ್ಷ ಬಾಳು, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಮ್ಮ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವಾಗ ಬುದ್ಧಿ ಬಂತು. ಇದು ನಿನ್ನ ಕೈ ಸೇರುವುದು ಗುರುವಾರ, ಅವಳು ಹೋಗುವುದು ನಾಳೆ. ಅದು ಬರೆಯುವ ಮೊದಲೇ ಗೊತ್ತಿತ್ತೋ ಏನೋ. ಹೇಳಬೇಕಾದವಳು ಬಚ್ಚಲಲ್ಲಿದ್ದಳು, ನಾನು ಇಲ್ಲಿ ಕೂತು ನಿನಗೆ ಹೇಳುತ್ತಿದ್ದೆ. ಎದ್ದು ಹೋಗಿ ಬಾಗಿಲು ಬಡಿದೆ. ಟವೆಲ್ ಸುತ್ತಿಕೊಂಡು ಬಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಹೊಸ್ತಿಲ ಮೇಲೆ ಕೂತು ಅಂದಳು: “ಅಜ್ಜೀ, ನಾನು ನಿನ್ನೇನೇ ಹೋಗಿದ್ದೆ. ಎರಡು ಸಲ. ಅಳತೆ ತಗೊಳ್ಳೋಕೆ. ಬೆನ್ನ ಮೇಲೆ ಮಣ್ಣು ಉದುರ್ತಾನೇ ಇತ್ತು. ನೀನು ಗಟ್ಟಿ ಅಂದಿದ್ದೀಯಲ್ಲ ಅಂತ ಅಲ್ಲೇ ಅರ್ಧ ಗಂಟೆ ಮಲ್ಕೊಂಡು ಬರ್ಕೊಂಡೆ.” ಮೇಷ್ಟ್ರಿಗೆ ಫೋನ್ ಮಾಡಿ ನನ್ನ ಕೈಗೇ ಕೊಟ್ಟಳು. ನಾನು ತಪ್ಪು ಹೇಳಿದೆ ಅಂದೆ. ಅವರು ಒಂದು ಮಾತೂ ಬೈಯಲಿಲ್ಲ, ನಾಳೆ ಯಾರೂ ಒಳಗೆ ಹೋಗುವುದಿಲ್ಲ ಅಂದರು. ಇನ್ನು ಆ ಮಣ್ಣು ಬೇಕಾದರೆ ಭಟ್ಟಿಯನ್ನು ಮೇಲಿನಿಂದ ಬಿಚ್ಚಬೇಕು. ಜಿಲ್ಲೆಗೆಲ್ಲ ಉಳಿದಿದ್ದ ಒಂದೇ ಮಾಡು ಹೋಗುತ್ತದೆ, ಹೋಗಲಿ. ಮೇಲೆ ಬರೆದದ್ದನ್ನು ಹರಿಯಬೇಕೆನಿಸಿತು, ಹರಿಯಲಿಲ್ಲ, ನೀನೂ ಓದು. ನಿನ್ನ ಮಗಳು ಈಗ ನನಗೆ ಒತ್ತಿಕೊಂಡು ಕೂತಿದ್ದಾಳೆ, ತಲೆ ಒರೆಸಿಕೊಂಡಿಲ್ಲ, ಹಲ್ಲು ಕಟಕಟ ಅನ್ನುತ್ತಿದೆ. ನಿನ್ನೆ ಹೆದರಬೇಕಾದದ್ದನ್ನು ಇವತ್ತು ಇಬ್ಬರೂ ಕೂತು ಹೆದರುತ್ತಿದ್ದೇವೆ. ಸಾಧ್ಯವಾದರೆ ಎರಡು ದಿನ ರಜೆ ಹಾಕಿ ಬಾ.