ಕೋರಂ ಇಲ್ಲದ ಸಭೆ

೬ ಮಾರ್ಚ್ ೧೯೭೩, ಮಂಗಳವಾರ

ಎಂದಿನಂತೆ ನಗರ ಪರಿಷತ್ತಿನ ಸಭೆಗೆ ಹೋಗಿದ್ದೆ. ಎಂದಿನಂತೆ ಸಾರ್ವಜನಿಕರ ಹಿಂದಿನ ಬೆಂಚು. ನಾನು, ಪ್ಯೂನ್, ಒಂದು ಬೆಕ್ಕು.

ಹೊರಡುವಾಗ ಹೆಂಡತಿ ಶಾಮಲಾ: "ಮನೆ ನಲ್ಲಿ ಸೋರ್ತಿದೆ. ಊರಿನ ನಲ್ಲಿ ಸರಿ ಮಾಡಕ್ಕೆ ಹೊರಟ್ರು!"

ಇಪ್ಪತ್ತೊಂದು ವಾರ್ಡು, ಇಪ್ಪತ್ತೊಂದು ಜನ ಸದಸ್ಯರು. ಜನ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ಅಧ್ಯಕ್ಷರನ್ನು. ಕಾಗದದ ಮೇಲೆ ಎಷ್ಟು ಚೆಂದ! ಸಮಿತಿ ಹಂಚುವಾಗ ನಿಜ ಹೊರಬೀಳುತ್ತದೆ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ನಿಂಗಣ್ಣ ಒಂಬತ್ತನೇ ವಾರ್ಡಿನ ಸದಸ್ಯ. ಸಹಿಯೊಂದೇ ಬರುತ್ತದೆ. ಅವನನ್ನು ಹಾಕಿದ್ದು ವಾಚನಾಲಯ ಸಮಿತಿಗೆ. ಕಟ್ಟಡ ಸಮಿತಿ ಹೋಗಿದ್ದು ಅಧ್ಯಕ್ಷರ ಅಳಿಯನಿಗೆ.

ಇಂದು ಅಳಿಯ ಮುಂದಿಟ್ಟ ಸೂಚನೆ: ಸ್ಟೇಷನ್ ಹಿಂದಿನ ಝೋಪಡಿ ಗುಡಿಸಲುಗಳ ಜಾಗದಲ್ಲಿ ಮಾರ್ಕೆಟ್ ಕಟ್ಟುವುದು. ೨೦ನೇ ತಾರೀಕಿಗೆ ಚರ್ಚೆ. ಅದು ನಿಂಗಣ್ಣನ ವಾರ್ಡು, ಅವನ ಗುಡಿಸಲೂ ಅಲ್ಲೇ. ಅಲ್ಲಿರುವುದು ಮೂವತ್ತೆಂಟು ಸಂಸಾರ, ಹೆಚ್ಚಿನವು ಕಲಬುರ್ಗಿ, ಬಿಜಾಪುರದ ಕಡೆಯವು. ೬೭ರ ಚುನಾವಣೆಯಲ್ಲಿ ಇದೇ ಅಧ್ಯಕ್ಷರು ಅಲ್ಲಿ ನಿಂತು "ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ" ಎಂದಿದ್ದರು. ಅವರು ಮರೆತಿರಬಹುದು. ನಾನು ಮರೆತಿಲ್ಲ.

೧೧ ಮಾರ್ಚ್, ಭಾನುವಾರ

ನಿಂಗಣ್ಣ ಬಂದಿದ್ದ. ಜೊತೆಗೆ ಹನುಮವ್ವ. ಝೋಪಡಿಯ ಮೊದಲ ಮನೆ ಆಕೆಯದು, ಮಿಕ್ಕವರಿಗೆಲ್ಲ ಆಕೆಯೇ ಹಿರಿಯಳು.

"ಮಾರ್ಕೆಟ್ ಬ್ಯಾಡ ಅನ್ನೂದಿಲ್ರಿ ಸಾಹೇಬ್ರ," ಎಂದ ನಿಂಗಣ್ಣ. "ಮೊದಲ ಬ್ಯಾರೆ ಜಾಗಾ ಕೊಡ್ರಿ, ಆಮ್ಯಾಲ ಒಡೀರಿ. ಇಷ್ಟ ಬರದುಕೊಡ್ರಿ."

ತಿದ್ದುಪಡಿ ಬರೆದುಕೊಟ್ಟೆ. ಪರಿಷತ್ತಿನ ವ್ಯವಹಾರವೆಲ್ಲ ಮರಾಠಿ, ಹಾಗಾಗಿ ಮರಾಠಿಯಲ್ಲೇ, ಎರಡೇ ಸಾಲು. ನಿಂಗಣ್ಣ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡ.

"ಸಭಾದಾಗ ತೊದಲಬ್ಯಾಡ ಮತ್ತ," ಹನುಮವ್ವ ಗದರಿದಳು. "ಓಟು ಕೇಳಾಕ ಬಂದಾಗ ಭಾರಿ ಮಾತಾಡಿದ್ದಿ."

"ಯವ್ವಾ, ಅಲ್ಲಿ ಫ್ಯಾನ್ ತಿರುಗತಾವು. ಮಾತು ಹಾರಿಹೋಗತಾವು."

ನಕ್ಕೆವು. ಹೋಗುವಾಗ ಹನುಮವ್ವ ನನ್ನ ಪುಸ್ತಕದ ಕಪಾಟು ನೋಡಿ ಕೈ ಮುಗಿದಳು.

೨೦ ಮಾರ್ಚ್, ಮಂಗಳವಾರ — ಸಂಜೆ ೬

ಗೆದ್ದೆವು!

ಹದಿನೆಂಟು ಜನ ಬಂದಿದ್ದರು. ಅಧ್ಯಕ್ಷರ ಕಡೆ ಒಂಬತ್ತು, ವಿರೋಧದವರು ಒಂಬತ್ತು. ಅವರ ಮೂವರು ನಾಸಿಕ್‌ಗೆ ಮದುವೆಗೆ ಹೋಗಿದ್ದಾರೆ. ಮತ ಹಾಕಿದರೆ ಸಮ-ಸಮ. ಆಗ ಅಧ್ಯಕ್ಷರಿಗೆ ಇನ್ನೊಂದು ಮತ... ಸೋಲು ಖಂಡಿತ. ಆದರೆ ಸಭೆ ನಡೆಯಲು ಹನ್ನೊಂದು ಜನ ಬೇಕು. ನಮ್ಮವರು ಎದ್ದುಹೋದರೆ ಕೋರಂ ಇಲ್ಲ!

ಚೀಟಿ ಬರೆದು ವಿರೋಧದ ಮುಖಂಡರಿಗೆ ಕಳಿಸಿದೆ. ಅವರು ನನ್ನತ್ತ ತಿರುಗಿ ತಲೆದೂಗಿದರು. ನಿಂಗಣ್ಣ ತಿದ್ದುಪಡಿಯ ಚೀಟಿ ಹಿಡಿದು ಎದ್ದು ನಿಂತಿದ್ದ. ಮೊದಲ ಶಬ್ದ ಆಡಿದ್ದ. ಮುಖಂಡರು ಅವನ ತೋಳು ಹಿಡಿದು ಎಳೆದುಕೊಂಡು ಹೋದರು. ಒಂಬತ್ತೂ ಜನ ಹೊರಗೆ.

ಅಧ್ಯಕ್ಷರು ಗಡಿಯಾರ ನೋಡಿದರು. ಸಭೆಯನ್ನು ೨೭ಕ್ಕೆ ಮುಂದೂಡಿದರು.

ಹೊರಗೆ ನಿಂಗಣ್ಣ: "ನಾ ಮಾತಾಡಿದ್ರ ಆಗತಿತ್ತೇನೋ ಸಾಹೇಬ್ರ. ಎಲ್ಲಾ ನೆನಪಿತ್ರಿ ಇವತ್ತ."

ಅವನಿಗೆ ವಿವರಿಸಿದೆ. ಮಿಕ್ಕವರಿಗೂ. ೫೮ರಲ್ಲಿ, ಊರಿನ್ನೂ ಗ್ರಾಮಪಂಚಾಯಿತಿಯಾಗಿದ್ದಾಗ, ಸುಣ್ಣದ ಭಟ್ಟಿಯ ಠರಾವನ್ನು ಹೀಗೆಯೇ ಕೊಂದಿದ್ದೆವು. ಮೂರು ಸಭೆ ಕೋರಂ ಇಲ್ಲ, ಠರಾವು ಸತ್ತಿತು. ೨೭ರಂದು ಒಬ್ಬರೂ ಹೋಗಬೇಡಿ. ಅವರು ಹನ್ನೊಂದು ಜನರನ್ನು ಎಲ್ಲಿಂದ ತರುತ್ತಾರೆ ನೋಡೋಣ!

"ಕಾಯ್ದೆ ಪುಸ್ತಕದಾಗ ಹಂಗ ಐತೇನ್ರಿ?" ನಿಂಗಣ್ಣ ಕೇಳಿದ.

"ಇದೆ."

೨೭ ಮಾರ್ಚ್, ಮಂಗಳವಾರ

ಏಳು ಜನ. ಎಣಿಸಿದೆ. ಮತ್ತೆ ಎಣಿಸಿದೆ. ಏಳೇ.

ಮಾರ್ಕೆಟ್ ಠರಾವು ಓದಿದರು. ಎದ್ದು ನಿಂತು ಕೂಗಿದೆ — ಕೋರಂ ಇಲ್ಲ! ಸಾರ್ವಜನಿಕರು ಮಾತಾಡುವಂತಿಲ್ಲ. ಆದರೂ ಮುಖ್ಯಾಧಿಕಾರಿ ಸಿಟ್ಟಾಗಲಿಲ್ಲ. ನಗುತ್ತಾ ಕಾಯಿದೆ ಪುಸ್ತಕವನ್ನು ತೆರೆದು ಪ್ಯೂನ್ ಕೈಲಿ ನನಗೆ ಕಳಿಸಿದರು.

"ನೆಕ್ಸ್ಟ್ ಪೇಜ್, ಮಿಸ್ಟರ್ ಸತ್ಯಮೂರ್ತಿ."

ಕೋರಂ ಇಲ್ಲದೆ ಮುಂದೂಡಿದ ಸಭೆಯಲ್ಲಿ ಕೋರಂ ಬೇಕಿಲ್ಲ. ಉಳಿದ ಕೆಲಸವನ್ನು ಎಷ್ಟೇ ಜನರಿದ್ದರೂ ಮುಗಿಸಬಹುದು. ಸ್ಪಷ್ಟವಾಗಿ ಅಚ್ಚಾಗಿದೆ.

ನಾಲ್ಕು ನಿಮಿಷ. ಏಳು ಕೈ. ಸರ್ವಾನುಮತ.

ಮನೆಗೆ ಬಂದು ನನ್ನ ಪ್ರತಿ ತೆಗೆದೆ. ಕೋರಂ ಬಗೆಗಿನ ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಗೆರೆ ಪುಟದ ಕೊನೆಗೆ ನಿಂತಿದೆ. ಮುಂದಿನ ಪುಟದ ಅಂಚನ್ನು ಇನ್ನೂ ಕತ್ತರಿಸಿಯೇ ಇಲ್ಲ. ಎರಡು ಹಾಳೆ ಅಚ್ಚಿನಿಂದ ಬಂದ ಹಾಗೇ ಕೂಡಿಕೊಂಡಿವೆ.

೨೮ ಮಾರ್ಚ್

ಸ್ಟೇಷನ್ ಹೋಟೆಲಿನ ಸದಾನಂದ ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕರೆದರು. ಅಧ್ಯಕ್ಷರ ಕಡೆಯ ಸದಸ್ಯರು. ಆದರೆ ನಿನ್ನೆ ಬಂದಿರಲಿಲ್ಲ.

"ನೀವು ಎಂತ ಮಾಡಿದ್ದು ಮಾರಾಯ್ರೆ? ೨೦ಕ್ಕೆ ನಿಂಗಣ್ಣನ ತಿದ್ದುಪಡಿಗೆ ನಾನೂ ನಮ್ಮ ಕಡೆಯ ಸದಸ್ಯರು ಡಾಕ್ಟ್ರೂ ಕೈ ಎತ್ತುವವರಿದ್ದೆವು. ಆ ಹನುಮವ್ವ ಬಂದು ಕೇಳಿದ್ದಳಲ್ಲ, ನಮ್ಮ ಅಡುಗೆಯವರೂ ಅಲ್ಲೇ ಇರುವುದು. ನಿಮ್ಮ ಒಂಬತ್ತಕ್ಕೆ ನಮ್ಮದು ಎರಡು, ಹನ್ನೊಂದು ಮತ ಆಗ್ತಿತ್ತು. ನೀವು ಎದ್ದೇ ಹೋದ್ರಿ."

"ಮೊದಲೇ ಹೇಳಬಾರದಿತ್ತೇ ಶೆಟ್ಟರೇ?"

"ಹೇಳಿ ಅಧ್ಯಕ್ಷರ ಹತ್ರ ಬೈಸಿಕೊಳ್ಳುವುದಾ? ಕೈ ಎತ್ತಿದ ಮೇಲೆ ಬೈದರೆ ಬೈಲಿ."

ಕಾಫಿ ತರಿಸಿದರು. ಕುಡಿಯಲಾಗಲಿಲ್ಲ.

೧೯ ಏಪ್ರಿಲ್, ಗುರುವಾರ

ಇಷ್ಟು ದಿನ ಬರೆಯಲಿಲ್ಲ.

ಬೆಳಿಗ್ಗೆ ಏಳಕ್ಕೆ ಪರಿಷತ್ತಿನ ಲಾರಿ ಬಂತು. ಪೊಲೀಸರು ಹನ್ನೆರಡು ಜನ. ಹತ್ತರ ಹೊತ್ತಿಗೆ ಮೂವತ್ತೆಂಟೂ ನೆಲಸಮ. ತಗಡು, ಚಾಪೆ, ಗೋಣಿ ಎಲ್ಲ ಒಂದು ರಾಶಿ. ಜನ ಮಾತ್ರ ರೈಲು ಹಳಿಯ ಪಕ್ಕ. ಲೋಕಲ್ ಹಾದಾಗಲೆಲ್ಲ ಹೆಂಗಸರು ಒಲೆಗೆ ಸೆರಗು ಅಡ್ಡ ಹಿಡಿಯುತ್ತಾರೆ.

ನಾನು ಬ್ರಿಡ್ಜ್ ಮೇಲಿಂದ ನೋಡಿದೆ. ಕೆಳಗಿಳಿಯಲಿಲ್ಲ.

೨೧ ಏಪ್ರಿಲ್

ನಿಂಗಣ್ಣನನ್ನು ಹೊಡೆದಿದ್ದಾರೆ. ಅವನದೇ ಜನ. ಪರಿಷತ್ತಿನ ಹೊರಗೆ ೨೭ರ ಹಾಜರಿ ಅಂಟಿಸಿದ್ದಾರಂತೆ. ನಿಂಗಣ್ಣನ ಹೆಸರಿನ ಮುಂದೆ "ಗೈರುಹಾಜರ್". ಯಾರೋ ಓದಿ ಹೇಳಿದ. ಅಷ್ಟೇ ಸಾಕಾಯಿತು. ಅಳಿಯನ ಕಡೆಯಿಂದ ದುಡ್ಡು ತಿಂದಿದ್ದಾನಂತೆ, ಬೇಕೆಂದೇ ಹೋಗಲಿಲ್ಲವಂತೆ...

ಅವನು ನನ್ನ ಹೆಸರು ಹೇಳಿಲ್ಲ. ಯಾಕೆ ಹೇಳಲಿಲ್ಲ?

೨೨ ಏಪ್ರಿಲ್, ಭಾನುವಾರ

ಹನುಮವ್ವ ಬಂದಿದ್ದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಂವಾ ಬಾಯಿ ಬಿಡವಲ್ಲ ಸಾಹೇಬ್ರ. ಇವತ್ತ ನಾಕಕ್ಕ ಎಲ್ಲಾರೂ ಕೂಡತೀವಿ. ಅಂವನ್ನ ನಮ್ಮ ಸಾಲಿನಿಂದ ಹೊರಗ ಹಾಕೂದು ಅಂತ ಮಾಡ್ಯಾರ. ಅಂವಾ ತಿಂದಾನ ಅಂದ್ರ ನನಗ ನಂಬಿಕಿ ಬರವಲ್ದು. ನೀವು ಓದಿದವ್ರು. ಸಭಾಕ್ಕ ಯಾಕ ಹೋಗಲಿಲ್ಲ ಅಂವಾ? ಹೇಳ್ರಿ."

"ಗೊತ್ತಿಲ್ಲಮ್ಮ," ಎಂದೆ.

ಅವಳು ಹೋದಳು. ಶಾಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಅಧ್ಯಕ್ಷರು ೬೭ರಲ್ಲಿ ಸುಳ್ಳು ಹೇಳಿದ್ದು ಇವತ್ತಿಗೂ ಎತ್ತಿ ಆಡ್ತೀರಿ," ಎಂದಳು. ಅಷ್ಟೇ.

ಮೂರೂವರೆ. ಚಪ್ಪಲಿ ಹಾಕಿಕೊಂಡು ಕೂತಿದ್ದೇನೆ. ಅಲ್ಲಿ ನಾಲಿಗೆ ಹೊರಳದಿದ್ದರೆ? ಇಲ್ಲಿ ಮೊದಲು ಬರೆದುಕೊಳ್ಳುತ್ತೇನೆ, ನಿಂಗಣ್ಣನ ಹಾಗೆ ಬಾಯಿಪಾಠ ಮಾಡಿ ಹೋಗುತ್ತೇನೆ. ಎರಡೇ ಸಾಲು.

ನಿಂಗಣ್ಣ ಒಂದು ಕಾಸೂ ತಿಂದಿಲ್ಲ. ಸಭೆಗೆ ಹೋಗಬೇಡ ಎಂದು ಅವನಿಗೆ ಹೇಳಿದವನು —