ರೆನ್ನಿಯವರ ಮೂರನೆಯ ಹೆಸರು

ಎಪ್ಪಿಂಗ್, ಸಿಡ್ನಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟುಕೋ ಎಂದರೆ ಕೇಳುವವನಲ್ಲ ನೀನು, ಗೊತ್ತಿದ್ದೂ ಬರೆಯುತ್ತಿದ್ದೇನೆ. ಶುಗರ್ ಎಷ್ಟಿದೆ ಎಂದು ನಿನ್ನನ್ನು ಕೇಳಿ ಪ್ರಯೋಜನವಿಲ್ಲ, ಅದನ್ನು ವಸಂತಾ ಅತ್ತಿಗೆಯ ಹತ್ತಿರವೇ ವಿಚಾರಿಸುತ್ತೇನೆ. ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಕಾಯಿಲೆ ಕಸಾಲೆ ಏನೂ ಇಲ್ಲ, ಆದರೆ ಮೆಲ್ಬರ್ನ್‌ನಿಂದ ಬಂದಾಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಇವತ್ತು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ತೇಜಸ್ವಿನಿ ಒಂದು ತುತ್ತು ಬಾಯಿಗಿಟ್ಟವಳೇ, "ಅಮ್ಮಾ, ನಿಂಗೇನಾಗಿದೆ? ಮಾಮಂಗೆ ಫೋನ್ ಮಾಡಿ ಎಲ್ಲಾ ಹೇಳ್ಬಿಡು, ಪ್ಲೀಸ್" ಎಂದಳು.

ಫೋನು ಮಾಡದೆ ಕಾಗದ ಬರೆದದ್ದೇಕೆ ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಗೇ ಕಾಣುತ್ತಿದೆ. ಫೋನಿನಲ್ಲಿ ನನಗೆ ಒಂದು ಮಾತು ಮುಗಿಸಲು ಬಿಟ್ಟಿದ್ದೀಯಾ ನೀನು? "ಅನೂ, ಒಂದ್ನಿಮಿಷ ಕೇಳಿಲ್ಲಿ" ಎಂದು ಶುರುಮಾಡಿದರೆ ನಾನು ಹೂಂಗುಟ್ಟುತ್ತಾ ಕೂರಬೇಕು. ಸಿಟ್ಟು ಬಂದರಂತೂ ಲೈನೇ ಕಟ್. ವಾಟ್ಸಾಪಿನಲ್ಲಿ ಹಾಕಿದರೆ ಅತ್ತಿಗೆ ಮೊದಲು ಓದಿ, ಅವರ ಅಕ್ಕನಿಗೂ ಕಳಿಸಿ, ಆಮೇಲೆ ನಿನಗೆ ತೋರಿಸುತ್ತಾರೆ. (ಅತ್ತಿಗೆ, ನೀವು ಪಕ್ಕದಲ್ಲಿ ಕೂತು ಓದುತ್ತಿದ್ದರೆ ತಪ್ಪು ತಿಳಿಯಬೇಡಿ, ನಿಜ ತಾನೇ?) ನಮ್ಮ ಅಪಾರ್ಟ್‌ಮೆಂಟಿನ ಪಲ್ಲವಿ ಗುರುವಾರ ಮೈಸೂರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಪೂರ್ತಿ ಓದು. ನಡುವೆ ಎದ್ದು ಹೊರಗೆ ಹೋಗಬೇಡ.

ತೇಜಸ್ವಿನಿಯ ಮದುವೆಯ ಮಾತು ಎತ್ತಿದ ದಿನ ನೀನು ಹೇಳಿದ್ದು ನನಗೆ ಅಕ್ಷರಕ್ಷರವೂ ನೆನಪಿದೆ. "ಗೋಪೀನಾಥ ಇದ್ದಿದ್ರೆ ಧಾರೆ ಎರೀತಿದ್ದ. ಈಗ ಅವನ ಜಾಗದಲ್ಲಿ ನಿಲ್ಲೋನು ನಾನು. ಅಪ್ಪ, ಅಜ್ಜ, ಮುತ್ತಜ್ಜ, ಮೂರು ತಲೆಮಾರಿನ ಹೆಸರು ಇಲ್ದೋನ ಕೈಗೆ ನಾನು ಹುಡುಗೀನ ಕೊಡಲ್ಲ" ಎಂದೆ. ಹುಡುಗ ಬಿಳಿಯ ಎನ್ನುವುದನ್ನು ನೀನು ಹೇಗೋ ನುಂಗಿಕೊಂಡಿದ್ದೆ. ಮಂಟಪದಲ್ಲಿ ಅವನ ಮುತ್ತಜ್ಜನ ಹೆಸರು ಬರುವ ಕಡೆ ಪುರೋಹಿತರು ಕೆಮ್ಮಿ ಮುಂದಕ್ಕೆ ಹೋಗುವುದನ್ನು ಮಾತ್ರ ನಿನ್ನಿಂದ ನುಂಗಲಾಗಲಿಲ್ಲ. ಇಷ್ಟು ದೊಡ್ಡ ಷರತ್ತು ಹಾಕಿದರೆ ಅನಸೂಯ ತೆಪ್ಪಗಾಗುತ್ತಾಳೆ ಎಂದುಕೊಂಡೆ ತಾನೇ? ನಿನ್ನ ತಂಗಿ ಎಂಥವಳು ಎನ್ನುವುದನ್ನೇ ಮರೆತೆ ನೀನು.

ಇಲ್ಲಿಯ ಪುರೋಹಿತರು ವಾರವಿಡೀ ಕಂಪ್ಯೂಟರ್ ಕೆಲಸ ಮಾಡಿ ಶನಿವಾರ ಭಾನುವಾರ ಪಂಚೆ ಉಡುವವರು. ಒಳ್ಳೆಯ ಹುಡುಗ. "ಗೋತ್ರಕ್ಕೆ ಕಾಶ್ಯಪ ಅಂದ್ಬಿಡೋಣ ಆಂಟಿ, ಗೊತ್ತಿಲ್ಲದೋರಿಗೆಲ್ಲ ಅದೇ. ಹೆಸರುಗಳನ್ನ ಮಾತ್ರ ನೀವೇ ಹುಡುಕ್ಕೊಡಿ" ಎಂದರು. ನಮ್ಮ ಕ್ಯಾಲಮ್ ರೆನ್ನಿಯನ್ನು ಕೇಳಿದೆ. ಅಪ್ಪ ಅಲೆಕ್ಸಾಂಡರ್. ಅಜ್ಜ ವಿಲಿಯಂ, ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿದ್ದಾರೆ. ಅದರಾಚೆ ಏನು ಎಂದರೆ ಭುಜ ಹಾರಿಸಿ, ಸ್ಕಾಟ್‌ಲೆಂಡ್, ಅಬರ್ಡೀನ್ ಕಡೆಯ ಬೇಸಾಯದವರು, ಅಷ್ಟೇ ಗೊತ್ತು ಎಂದ. ಮೂವತ್ತು ದಾಟಿದ ಗಂಡಸಿಗೆ ಮುತ್ತಜ್ಜನ ಹೆಸರು ಗೊತ್ತಿಲ್ಲ ಎಂದರೆ! ನಾನು ಅವನೆದುರೇ ಹಣೆ ಚಚ್ಚಿಕೊಂಡೆ. ಪಾಪ, ಅವನು ಏನೋ ನೋವಾಯಿತೆಂದು ನೀರು ತಂದುಕೊಟ್ಟ.

ಆಮೇಲೆ ಸೆರಗು ಕಟ್ಟಿ ಕೂತೆ ನೋಡು. ಸ್ಕಾಟ್‌ಲೆಂಡಿನ ಹಳೆಯ ಜನಗಣತಿ, ಚರ್ಚಿನ ದಾಖಲೆ, ಗೋರಿಕಲ್ಲುಗಳ ಫೋಟೋ ಎಲ್ಲವನ್ನೂ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ್ದಾರೆ. ತೇಜಸ್ವಿನಿ ಕೆಲಸಕ್ಕೆ ಹೋದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತರೆ ಊಟದ ನೆನಪೂ ಆಗುತ್ತಿರಲಿಲ್ಲ. ಅಬರ್ಡೀನ್ ಕಡೆಯ ಒಂದು ಗೇಣಿ ಜಮೀನಿನಲ್ಲಿ ರೆನ್ನಿಗಳು ಸಿಕ್ಕರು. ಜಮೀನಿನ ಹೆಸರು ಬ್ರೇಸೈಡ್. ಓಟ್ಸ್, ಟರ್ನಿಪ್ ಗೆಡ್ಡೆ, ಒಂದಿಷ್ಟು ದನ. ಅಲ್ಲಿ ರೈತನನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ, ಜಮೀನಿನ ಹೆಸರಿನಿಂದಲೇ ಕರೆಯುತ್ತಾರಂತೆ. ಬ್ರೇಸೈಡ್ ಬಂದ, ಬ್ರೇಸೈಡ್ ಹೋದ ಎನ್ನುವ ಹಾಗೆ. ನಮ್ಮಲ್ಲಿ ಮೇಲ್ಮನೆಯವರು, ಬಾವಿಮನೆಯವರು ಎನ್ನುತ್ತಿರಲಿಲ್ಲವೇ? ಓದುತ್ತಾ ಓದುತ್ತಾ ಯಾರದೋ ಮನೆ ಹುಡುಕಲು ಹೋಗಿ ನಮ್ಮ ನೆಂಟರ ಮನೆಗೇ ಬಂದಂತಾಯಿತು ನನಗೆ.

ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವರಲ್ಲೂ ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರನ್ನೇ ಇಡುವುದು ಪದ್ಧತಿ! ಕುರ್ಚಿಯಿಂದ ಎದ್ದೇಬಿಟ್ಟೆ. ನಿನಗೆ ತಾತನ ಹೆಸರು ಗುರುದತ್ತ ಎಂದಿಟ್ಟು, ಮಾವನವರ ಹೆಸರು ಕೂಗಬಾರದೆಂದು ಅಮ್ಮ ಕೊನೆಯವರೆಗೂ ನಿನ್ನನ್ನು ಪುಟ್ಟೂ ಎಂದೇ ಕರೆದಳಲ್ಲ! ಕ್ಯಾಲಮ್‌ನ ಅಪ್ಪ ಹಿರಿಯ ಮಗ, ಹೆಸರು ಅಲೆಕ್ಸಾಂಡರ್. ಹಾಗಾದರೆ ಅವರ ಅಜ್ಜ, ಅಂದರೆ ವಿಲಿಯಂ ಅವರ ತಂದೆ, ಅಲೆಕ್ಸಾಂಡರ್ ಆಗಿರಲೇಬೇಕು. ನೂರು ವರ್ಷದ ಹಿಂದಿನ ಜನಗಣತಿಯಲ್ಲಿ ನೋಡಿದರೆ, ಬ್ರೇಸೈಡ್‌ನ ಯಜಮಾನ ಅಲೆಕ್ಸಾಂಡರ್ ರೆನ್ನಿ! ಕೆಳಗೆ ಮಕ್ಕಳ ಹೆಸರಿದ್ದವು. ಗಂಡುಮಕ್ಕಳ ಹೆಸರು ಓದಿದೆ, ಹೆಣ್ಣುಮಕ್ಕಳದ್ದರ ಮೇಲೆ ಕಣ್ಣಾಡಿಸಿ ಬಿಟ್ಟೆ. ವಂಶ ಹುಡುಕುವವರಿಗೆ ಹೆಣ್ಣುಮಕ್ಕಳದ್ದೇನು ಕೆಲಸ ಎಂಬ ಜಂಭ. ತಕ್ಷಣ ನಿನಗೆ ಫೋನು ಮಾಡಿದೆ. "ಭೇಷ್ ಅನೂ! ಮೂರೂ ಸಿಕ್ತಲ್ಲ, ಇನ್ನೇನು, ಬಂದೆ" ಎಂದೆ ನೀನು. ಎಷ್ಟು ತಿಂಗಳಾಗಿತ್ತು ನಿನ್ನ ಬಾಯಲ್ಲಿ ನಗು ಕೇಳಿ. ಮಾರನೆಯ ದಿನ ನೀನು ಟಿಕೆಟ್ಟೂ ಬುಕ್ ಮಾಡಿದೆ, ಅತ್ತಿಗೆ ಸೀರೆಗೆ ಫಾಲ್ಸ್ ಹಾಕಲು ಕೊಟ್ಟರು.

ಈಗ ಎದೆ ಗಟ್ಟಿ ಮಾಡಿಕೋ. ಅಜ್ಜನವರಿಗೆ ತಾಂಬೂಲ ಕೊಟ್ಟು ಮದುವೆಗೆ ಕರೆಯೋಣವೆಂದು ಮೊನ್ನೆ ಕ್ಯಾಲಮ್ ಜೊತೆ ಮೆಲ್ಬರ್ನಿಗೆ ಹೋಗಿದ್ದೆ. ಕ್ರಾನ್‌ಬರ್ನ್‌ನ ಆ ಬೀದಿಯಲ್ಲಿ ಎಲ್ಲವೂ ಹೊಸ ಮನೆ, ಇವರದೊಂದೇ ಹಳೆಯ ಇಟ್ಟಿಗೆ ಮನೆ. ಎಡಕ್ಕೆ ಪಂಜಾಬಿಗಳು, ಬಲಕ್ಕೆ ದಾವಣಗೆರೆಯವರು, ಮುದುಕರಿಗೆ ಚಪಾತಿ ಪಲ್ಯ ಅಭ್ಯಾಸವಾಗಿಬಿಟ್ಟಿದೆ. ಎಂಬತ್ತೈದರ ವಯಸ್ಸಿನಲ್ಲೂ ಹಿತ್ತಲಲ್ಲಿ ಬಗ್ಗಿ ಆಲೂಗಡ್ಡೆ ಪಾತಿಗೆ ಮಣ್ಣು ಏರಿಸುತ್ತಿದ್ದರು. ನನ್ನ ಕೈಯಿಂದ ಎಲೆ ಅಡಿಕೆ ಹಣ್ಣು ತೆಗೆದುಕೊಂಡು, ಇದನ್ನು ತಿನ್ನುವುದೋ ನೆಡುವುದೋ ಎಂದು ಕೇಳಿದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ, ನಿಮ್ಮ ತಂದೆ ಅಲೆಕ್ಸಾಂಡರ್ ರೆನ್ನಿಯವರ ಹೆಸರನ್ನು ನಮ್ಮಣ್ಣ ಮಂಟಪದಲ್ಲಿ ಹೇಳುತ್ತಾನೆ, ನೀವು ಮುಂದೆಯೇ ಕೂರಬೇಕು ಎಂದು ಹೆಮ್ಮೆಯಿಂದ ಒಪ್ಪಿಸಿದೆ. ಅವರು ಹಾಲು ತಾ ಎಂದು ಕ್ಯಾಲಮ್‌ನನ್ನು ಅಂಗಡಿಗೆ ಅಟ್ಟಿದರು. ಫ್ರಿಜ್ಜಿನಲ್ಲಿ ಹಾಲಿದ್ದದ್ದನ್ನು ನಾನು ನೋಡಿದ್ದೆ.

ಆಮೇಲೆ ಪಾತಿಯ ಅಂಚಿನಲ್ಲಿ ಕೂತು ಹೇಳಿದರು. ಅಲೆಕ್ಸಾಂಡರ್ ಅವರ ಅಪ್ಪ ಅಲ್ಲ ಅಣ್ಣಾ, ಅಮ್ಮನ ಅಪ್ಪ. ಅಮ್ಮನ ಹೆಸರು ಎಲ್ಸ್‌ಪೆತ್. ದೂರದ ಒಂದು ಜಮೀನಿನಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದವಳು ಮದುವೆಯಿಲ್ಲದೆ ಬಸುರಾಗಿ ಮನೆಗೆ ಬಂದಳಂತೆ. ಯಾರು ಎಂದು ಸಾಯುವವರೆಗೂ ಬಾಯಿ ಬಿಡಲಿಲ್ಲವಂತೆ. ಹೆತ್ತ ಮಗುವಿಗೆ ತನ್ನ ರೆನ್ನಿ ಹೆಸರನ್ನೇ ಕೊಟ್ಟಳು. ಸಂತೆಯಲ್ಲಿ ಯಾರೋ, ಈ ಹುಡುಗ ಯಾರ ಮಗ ಎಂದು ಬೇಕೆಂದೇ ಕೇಳಿದಾಗ ಆ ಮುದುಕ ಅಲೆಕ್ಸಾಂಡರ್, "ಬ್ರೇಸೈಡ್‌ನವನು" ಎಂದಷ್ಟೇ ಹೇಳಿ ಮೊಮ್ಮಗನ ಕೈ ಹಿಡಿದು ನಡೆದನಂತೆ. ಇವರು ಹರೆಯದಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದು, ಕಂಡವರ ಹಸು ಕರೆದು, ತಮ್ಮದೇ ಜಮೀನು ಮಾಡಿಕೊಂಡು, ಹಿರಿಯ ಮಗ ಹುಟ್ಟಿದಾಗ ಅವತ್ತು ಕೈ ಹಿಡಿದು ನಡೆಸಿದ ಅಜ್ಜನ ಹೆಸರಿಟ್ಟರು. ನಾನು ಕಂಡ ಪದ್ಧತಿ ಏನೂ ಅಲ್ಲಿರಲಿಲ್ಲ. ಅಮ್ಮ ತೀರಿಕೊಂಡಾಗ ಕರೆಯುವ ಹಸುಗಳನ್ನು ಬಿಟ್ಟು ಹೋಗಲಾಗಲಿಲ್ಲ ಎಂದವರು ಮತ್ತೆ ಪಾತಿಗೆ ಬಗ್ಗಿ ಮಣ್ಣು ಏರಿಸತೊಡಗಿದರು.

ಆಗ ನನಗೆ ಬಂದದ್ದು ಕನಿಕರ ಅಲ್ಲ, ದಿಗಿಲು. ಅಯ್ಯೋ ದೇವರೇ, ಅಣ್ಣ ಟಿಕೆಟ್ ಮಾಡಿಸಿದ್ದಾನಲ್ಲ ಎನ್ನುವುದೇ ಮೊದಲು ಹೊಳೆದದ್ದು. ಪರವಾಗಿಲ್ಲ ತಾತ, ಸಾಕಿದವನೂ ತಂದೆಯೇ, ಅಲೆಕ್ಸಾಂಡರ್ ಎಂದೇ ಓದಿಸುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಓದುವುದಾದರೆ ಅಮ್ಮನ ಹೆಸರನ್ನೇ ಓದಲಿ, ಇಲ್ಲದಿದ್ದರೆ ನನ್ನದನ್ನೂ ಬಿಡಲಿ ಎಂದರು. ಕ್ಯಾಲಮ್ ಹಾಲು ಹಿಡಿದು ಬಂದಾಗ ಅಡುಗೆಮನೆಯಲ್ಲಿ ನಿಂತೇ ಅವನಿಗೂ ಎಲ್ಲ ಹೇಳಿದರು. ಅವನು ಎಲ್ಸ್‌ಪೆತ್, ಎಲ್ಸ್‌ಪೆತ್ ಎಂದು ಬಾಯಿಪಾಠ ಮಾಡುವವನಂತೆ ಹೇಳಿಕೊಂಡು, ಚಹಾಕ್ಕೆ ನೀರಿಟ್ಟ.

ಅವತ್ತಿನಿಂದ ಈ ಒದ್ದಾಟ. ಪುರೋಹಿತರು, "ಅಲೆಕ್ಸಾಂಡರ್ ಅಂತ್ಲೇ ಇರ್ಲಿ ಬಿಡಿ ಆಂಟಿ, ಅಣ್ಣಾವ್ರು ಬರೋದು ಮುಖ್ಯ" ಎಂದರು. ನಿಜ, ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಜನ್ಮದಲ್ಲೂ ಗೊತ್ತಾಗುತ್ತಿರಲಿಲ್ಲ. ಎಲೆ ಅಡಿಕೆಗೆಂದು ನಿನ್ನೆ ಪೆಂಡಲ್ ಹಿಲ್‌ಗೆ ಹೋದವಳು ಕೊಂಡ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ವಾಪಸು ಹೋಗಿ ತಂದೆ. ಸ್ಟೇಷನ್ನಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ ಬಂದ ಟ್ರೇನನ್ನೂ ಬಿಟ್ಟೆ. ನಿನಗೆ ಸುಳ್ಳು ಹೇಳಿ ನಿನ್ನ ಕೈಯಲ್ಲಿ ಧಾರೆ ಎರೆಸುವುದು ನನ್ನಿಂದಾಗುವುದಿಲ್ಲ. ಆ ಮುದುಕರ ತಾಯಿಯನ್ನು ಇನ್ನೊಮ್ಮೆ ಅಳಿಸಿಹಾಕುವುದೂ ಆಗುವುದಿಲ್ಲ. ಮೊದಲನೆಯ ಸಲ ಅವಳ ಹೆಸರನ್ನು ದಾಟಿ ಹೋದವಳು ನಾನೇ.

ಈ ಕಾಗದ ತಲುಪುವಾಗ ಮಹಾಲಯ ಅಮಾವಾಸ್ಯೆ ಬಂದಿರುತ್ತದೆ. ನೀನು ದರ್ಭೆ ಹಿಡಿದು ಎಳ್ಳುನೀರು ಬಿಡುವಾಗ ಅಮ್ಮನ ಹೆಸರು, ಅಜ್ಜಿಯ ಹೆಸರು, ಮುತ್ತಜ್ಜಿಯ ಹೆಸರು ಹೇಳುತ್ತೀಯಲ್ಲ, ಮಂತ್ರ ಬೇಡವೆಂದಿತೇ? ವಾದ ಮಾಡಬೇಡ, ನೀರು ಬಿಡುವಾಗ ಒಮ್ಮೆ ಯೋಚಿಸು, ಅಷ್ಟೇ. ಹುಡುಗನ ಮೂರನೆಯ ಹೆಸರು ಎಲ್ಸ್‌ಪೆತ್ ರೆನ್ನಿ. ಪುರೋಹಿತರಿಗೂ ಹಾಗೆಯೇ ಹೇಳಿದ್ದೇನೆ, ಅವರು ವ್ಯಾಕರಣ ಸರಿಮಾಡಿಕೊಳ್ಳುತ್ತಾರಂತೆ.

ಮಾತ್ರೆ ತಪ್ಪಿಸಬೇಡ. ಅತ್ತಿಗೆಗೆ ನನ್ನ ನಮಸ್ಕಾರ, ಅವರು ಕಳಿಸಿದ ಚಟ್ನಿಪುಡಿ ಮುಗಿದು ಡಬ್ಬಿ ತೊಳೆದಿಟ್ಟಿದ್ದೇನೆ ಎಂದು ಹೇಳು. ತೇಜಸ್ವಿನಿ, ಕ್ಯಾಲಮ್ ಇಬ್ಬರೂ ನಿಮ್ಮ ಕಾಲಿಗೆ ಬಿದ್ದಿದ್ದಾರೆ, ಇಲ್ಲಿಂದಲೇ ಹರಸಿಬಿಡಿ.

ನಿನ್ನ ಜಗಳಗಂಟಿ ತಂಗಿ,
ಅನು

ಮರೆತೆ: ಪಲ್ಲವಿ ಬಾಗಿಲಲ್ಲೇ ನಿಂತಿದ್ದಾಳೆ, ಸೂಟ್‌ಕೇಸು ಈಗಲೇ ತುಂಬಬೇಕಂತೆ. ಮುಖ್ಯವಾದದ್ದನ್ನೇ ಬರೆಯಲಿಲ್ಲ, ಧೈರ್ಯ ಬರಲಿಲ್ಲ. ಗಂಡನಿಲ್ಲದ ತಾಯಿ ಧಾರೆ ಎರೆಯಬಹುದೇ ಎಂದು ಪುರೋಹಿತರನ್ನು ಕೇಳಿದೆ. "ಎರೀಬಹುದು ಆಂಟಿ, ಯಾರೂ ಕೇಳಿರ್ಲಿಲ್ಲ ಅಷ್ಟೇ" ಎಂದರು. ಅದಕ್ಕೇ ಧಾರೆ ನಾನೇ ಎರೆಯುತ್ತೇನೆ ಅಣ್ಣಾ. ನೀನು ಬಂದರೂ ನಾನೇ, ಬರದಿದ್ದರೂ ನಾನೇ. ನೀನು ಹಾಕಿದ ಷರತ್ತು ಇನ್ನು ನಿನ್ನನ್ನು ಕಟ್ಟುವುದಿಲ್ಲ. ಆದರೆ ದಮ್ಮಯ್ಯ, ಟಿಕೆಟ್ ಕ್ಯಾನ್ಸಲ್ ಮಾಡಬೇಡ. ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವ. ಆಗ ಯಾರೂ ಯಾರ ವಂಶವನ್ನೂ ಕೇಳುವುದಿಲ್ಲ. ಅವಳಿಗಿರುವುದು ನೀನೊಬ್ಬನೇ ಮಾವ. ಬಾ.