ಒಗೆದಿಟ್ಟ ಮನೆಯಲ್ಲಿ ನಷ್ಟ ಕಾಣದವರಿಗೆ

ಬಾಡಿಗೆದಾರರ ವಿಮೆಯ ಕ್ಲೇಮು ವಿಭಾಗದ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡಬೇಕೆಂದಿದ್ದೆ. ಆದರೆ ನಿಮ್ಮ ಪಾಲಿಸಿ ಪುಸ್ತಕದಲ್ಲಿ ಪದಗಳ ಅರ್ಥ ಹೇಳುವುದಕ್ಕೆಂದೇ ಎಂಟು ಪುಟಗಳಿದ್ದು, ಅವುಗಳಲ್ಲಿ ಈ ಪದ ಎಲ್ಲಿಯೂ ಸಿಗಲಿಲ್ಲ. ನಿಮ್ಮ ಕಚೇರಿಯಲ್ಲಿ ಅದಕ್ಕೆ ಏನು ಅರ್ಥವೋ ತಿಳಿಯದೆ ಕೈಬಿಟ್ಟೆ. ನನ್ನ ದೂರು ಇಷ್ಟು: ಮೇಲ್ಮಹಡಿಯ ಪೈಪು ಒಡೆದು ನಮ್ಮ ಬಾಡಿಗೆ ಮನೆ ನೆನೆದು ತೊಪ್ಪೆಯಾಯಿತು. ನೀವು ‘ಯಾವುದೇ ನಷ್ಟ ಕಂಡುಬಂದಿಲ್ಲ’ ಎಂದು ಎರಡು ಸಾಲಿನ ಪತ್ರ ಕಳಿಸಿದಿರಿ. ಎಪ್ಪತ್ತೊಂದು ವರ್ಷದ ನನ್ನ ತಾಯಿ ಆ ಮನೆಯಲ್ಲಿ ಉಸಿರಾಡಲಾಗದೆ ಈಗ ನಮ್ಮ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಊರವರ ಬಟ್ಟೆ ಗಂಟುಗಳ ನಡುವೆ ಮಲಗುತ್ತಿದ್ದಾಳೆ.

ಪಾಲಿಸಿ ಮಾಡಿಸಿದ ದಿನ ನಿಮ್ಮ ಏಜೆಂಟರು ನಮ್ಮ ಕೌಂಟರಿಗೆ ಒರಗಿ ನಿಂತು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದರು! ಗೋಡೆ, ಛಾವಣಿ ಮನೆ ಮಾಲೀಕರ ವಿಮೆಗೆ ಸೇರಿದ್ದು. ಗೋಡೆಯೊಳಗಿನ ಮಂಚ, ಹಾಸಿಗೆ, ಬಟ್ಟೆಬರೆ ನಮ್ಮ ವಿಮೆಗೆ. ಪೈಪು ಒಡೆದು ನೀರು ಬಂದರೆ ಪರಿಹಾರ ಉಂಟು, ಬೀದಿಯಿಂದ ನೀರು ನುಗ್ಗಿದರೆ ಇಲ್ಲ. ಮನೆ ವಾಸಕ್ಕೆ ಯೋಗ್ಯವಲ್ಲದಿದ್ದರೆ ಬೇರೆ ಕಡೆ ಇರುವ ಖರ್ಚು ಕಂಪನಿಯದು. ಇಷ್ಟನ್ನು ನಾನು ಪಾಠದಂತೆ ಬಾಯಿಪಾಠ ಮಾಡಿದ್ದೆ. ನೀರೂ ಪಾಪ, ನಿಯಮ ಓದಿಕೊಂಡೇ ಬಂದಂತೆ ಪೈಪಿನಿಂದಲೇ ಬಂತು. ಹಾಗಿದ್ದೂ ನಾವು ಎಡವಿದ್ದು ಎಲ್ಲಿ ಗೊತ್ತೇ? ಮನೆಯನ್ನು ಶುಚಿ ಮಾಡಿದೆವು.

ಪೈಪು ಒಡೆದಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಅಂಗಡಿಯಲ್ಲಿದ್ದೆವು. ಪಕ್ಕದ ಮನೆಯಾಕೆ ಫೋನು ಮಾಡಿದಳೆಂದು ಓಡಿದರೆ, ಅಮ್ಮ ಮಂಚದ ಮೇಲೆ ನಿಂತು ಬಟ್ಟೆಯ ಬೀರುವಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಿಡಿದಿದ್ದಳು. ತುಕ್ಕು ಬಣ್ಣದ ನೀರು ಅವಳ ತಲೆಯ ಮೇಲೇ ಸುರಿಯುತ್ತಿತ್ತು. ನಮ್ಮನ್ನು ಕಂಡದ್ದೇ ತಡ, ಶುರುವಾಯಿತು ಅವಳ ಆಜ್ಞೆ: “ನಿಂತ್ಕೊಂಡು ನೋಡ್ತೀರೇನ್ರೋ? ತುಕ್ಕಿನ ಕಲೆ ಒಣಗಿದ್ರೆ ಮತ್ತೆ ಹೋಗಲ್ಲ. ಎಲ್ಲಾ ಅಂಗಡಿಗೆ ಹೊರಿ!” ನಲವತ್ತು ವರ್ಷ ಬೇರೆಯವರ ಕಲೆ ತೆಗೆದು ನನ್ನನ್ನು ಸಾಕಿದವಳ ಮಾತು. ಎದುರಾಡುವವರು ಯಾರು? ಎರಡು ದಿನ ಗಿರಾಕಿಗಳ ಕೆಲಸ ಬದಿಗಿಟ್ಟು ಹೊದಿಕೆ, ಪರದೆ, ಸೀರೆ, ಶರ್ಟು ಎಲ್ಲವನ್ನೂ ಒಗೆದೆವು, ಇಸ್ತ್ರಿ ಹಾಕಿದೆವು. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮೇಲ್ಮೈ ಒಣಗಿದೊಡನೆ ಹೊಸ ಹೊದಿಕೆ ತೊಡಿಸಿದೆವು. ಮೂರನೆಯ ದಿನ ನಷ್ಟ ಅಳೆಯಲು ನಿಮ್ಮ ಸರ್ವೇಯರ್ ಬರುವವರಿದ್ದರು. “ದೊಡ್ಡ ಆಫೀಸಿನೋರು ಬರ್ತಾರೆ, ಮನೆ ಹೀಗಿದ್ರೆ ನಮ್ಮನ್ನ ಏನಂದ್ಕೋತಾರೆ?” ಎಂದು ನನ್ನ ಹೆಂಡತಿ ಗೋಡೆಯನ್ನೂ ಉಜ್ಜಿದಳು.

ದೊಡ್ಡ ಆಫೀಸಿನವರು ಬಂದರು. ಬೀರು ತೆರೆದರು, ಮಡಿಸಿಟ್ಟ ಸೀರೆಗಳ ಫೋಟೋ ತೆಗೆದರು.

“ನಷ್ಟ ಎಲ್ಲಿದೆ ಸಾರ್? ಎಲ್ಲಾ ನೀಟಾಗೇ ಇದೆಯಲ್ಲ.”

“ನಾವೇ ಒಗೆದಿಟ್ಟಿದೀವಿ ಸಾರ್. ಹಾಸಿಗೆ ಒಳಗಿನ್ನೂ ನೆನೆದಿದೆ, ಒತ್ತಿ ನೋಡಿ.”

“ಒತ್ತಿ ನೋಡೋದು ನಮ್ಮ ಫಾರಂನಲ್ಲಿಲ್ಲ.”

ಅಮ್ಮ ಕೊಟ್ಟ ಚಹಾ ಮಾತ್ರ ಪೂರ್ತಿ ಕುಡಿದರು. ಅದು ಫಾರಂನಲ್ಲಿತ್ತೋ ಏನೋ.

ನಿಮ್ಮ ತಿರಸ್ಕಾರದ ಪತ್ರ ಬಂದಮೇಲೆ ಪುಸ್ತಕವನ್ನು ಮತ್ತೆ ಓದಿದೆ. ಹತ್ತೊಂಬತ್ತನೆಯ ಪುಟ: ನಷ್ಟ ಹೆಚ್ಚದಂತೆ ಬಾಡಿಗೆದಾರನು ಕೂಡಲೇ ಕ್ರಮ ಕೈಗೊಳ್ಳತಕ್ಕದ್ದು. ಇಪ್ಪತ್ತಮೂರನೆಯ ಪುಟ: ಹಾನಿಯಾದ ವಸ್ತುಗಳನ್ನು ತಪಾಸಣೆಯವರೆಗೆ ಇದ್ದ ಸ್ಥಿತಿಯಲ್ಲೇ ಇರಿಸತಕ್ಕದ್ದು. ಅಂದರೆ ಒಗೆಯದಿದ್ದರೆ ನಿರ್ಲಕ್ಷ್ಯ, ಒಗೆದರೆ ಸಾಕ್ಷ್ಯನಾಶ. ಈ ಎರಡು ‘ತಕ್ಕದ್ದು’ಗಳ ನಡುವೆ ಮನುಷ್ಯ ನಿಲ್ಲಲು ಮೂರು ಪುಟದ ಜಾಗವಿದೆಯಲ್ಲ, ಅಲ್ಲಿ ಏನು ಬರೆದಿದ್ದೀರಿ ಎಂದು ಆಸೆಯಿಂದ ನೋಡಿದೆ. ಪ್ರೀಮಿಯಂ ಕಟ್ಟುವ ಸುಲಭ ವಿಧಾನಗಳಿದ್ದವು. ಈ ಪುಸ್ತಕ ಬರೆದವರು ಬದುಕಿನಲ್ಲಿ ಒಮ್ಮೆಯಾದರೂ ನೆಲ ಒರೆಸಿದ್ದಾರೆಯೇ?

ಫೋನು ಮಾಡಿ ಹಾಸಿಗೆಯ ಮಾತೆತ್ತಿದೆ. ನಿಮ್ಮ ಸಿಬ್ಬಂದಿ ‘ಸವಕಳಿ’ ಎಂಬ ಪದ ಕಲಿಸಿದರು: ವಸ್ತು ಹಳತಾದಷ್ಟೂ ಅದರ ಬೆಲೆಯನ್ನು ನೀವು ಸವೆಸುತ್ತ ಹೋಗುತ್ತೀರಂತೆ. ಒಂಬತ್ತು ವರ್ಷದ ಹಾಸಿಗೆ ನಿಮ್ಮ ಲೆಕ್ಕದಲ್ಲಿ ಎಂದೋ ಸೊನ್ನೆ. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಈ ಸೊನ್ನೆ ಎಲ್ಲಿ ಅಡಗಿ ಕೂತಿತ್ತು?

ಅಷ್ಟರಲ್ಲಿ ಉಜ್ಜಿದ ಗೋಡೆ ಮತ್ತೆ ಕಪ್ಪಾಗತೊಡಗಿತು. ಹಾಸಿಗೆಯೊಳಗೆ ಬೂಷ್ಟು. ಅಮ್ಮನಿಗೆ ಮೊದಲೇ ಉಬ್ಬಸ. ಮಾತಿನ ಮಧ್ಯೆ ನಿಂತು ಗಾಳಿಗಾಗಿ ಬಾಯಿ ತೆರೆಯತೊಡಗಿದಳು. ಮನೆ ಒಣಗುವವರೆಗೆ ಅಲ್ಲಿರಬಾರದೆಂದು ವೈದ್ಯರು ಬರೆದುಕೊಟ್ಟ ಚೀಟಿ ಲಗತ್ತಿಸಿ, ಬೇರೆ ಕಡೆ ಇರುವ ಖರ್ಚು ಕೇಳಿದೆ. ನಿಮ್ಮ ಉತ್ತರವನ್ನು ಅಕ್ಷರಶಃ ಕೊಡುತ್ತೇನೆ: ‘ತಾವು ಸದರಿ ಮನೆಯಲ್ಲಿ ವಾಸಿಸುತ್ತಿರುವುದರಿಂದ ಅದು ವಾಸಯೋಗ್ಯವೆಂದು ಪರಿಗಣಿಸಲಾಗಿದೆ.’ ಸರಿ, ಖಾಲಿ ಮಾಡುತ್ತೇವೆ ಎಂದರೆ, ಮೂವತ್ತು ದಿನ ಖಾಲಿಯಿದ್ದ ಮನೆಗೆ ಪಾಲಿಸಿಯೇ ಅನ್ವಯಿಸುವುದಿಲ್ಲವಂತೆ! ಇದ್ದರೆ ಮನೆ ಚೆನ್ನಾಗಿದೆ, ಬಿಟ್ಟರೆ ವಿಮೆ ಇಲ್ಲ. ಇಂಥ ಬುದ್ಧಿಗೆ ನಿಮ್ಮಲ್ಲಿ ಬಡ್ತಿ ಕೊಡುತ್ತಾರೆಯೇ, ಅಥವಾ ಇದು ಹುಟ್ಟುಗುಣವೇ? ನಾನೂ ನನ್ನ ಹೆಂಡತಿಯೂ ಆ ಮನೆಯಲ್ಲೇ ಕೆಮ್ಮುತ್ತ ನಿಮ್ಮ ನಿಯಮ ಕಾಯುತ್ತಿದ್ದೇವೆ. ಅಮ್ಮ ಅಂಗಡಿಗೆ ಹೋದಳು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿಗೊಂದು ಮುಖ ಬೇಕು. ನನಗಿರುವುದು ತಾತ್ಸಾರ. ಆದರೆ ಮೊನ್ನೆ ಅಮ್ಮನಿಗೆ ಊಟ ಒಯ್ದಾಗ ಅವಳು ಹೇಳಿದ ಮಾತನ್ನು ನೀವು ಕೇಳಲೇಬೇಕು. “ತಪ್ಪು ನಂದೇ ಕಣೋ. ಒಗೀರಿ ಅಂದೋಳು ನಾನು. ನನ್ನಿಂದ ನಿಮಗೆಲ್ಲ ಹೀಗಾಯ್ತು. ಇನ್ನೊಂದ್ಸಲ ನೀರು ಬಂದ್ರೆ ಏನೂ ಮುಟ್ಟದೆ ಸುಮ್ನೆ ಕೂತಿರ್ತೀನಿ.” ಒಂದು ಕಲೆ ಕಂಡರೂ ಸುಮ್ಮನೆ ಕೂತವಳಲ್ಲ ಅವಳು. ನಿಮ್ಮ ಎರಡು ಸಾಲಿನ ಪತ್ರ ಅವಳಿಗೆ ನಾಚಿಕೆ ಕಲಿಸಿದೆ.

ಆದ್ದರಿಂದ ನನ್ನ ಬೇಡಿಕೆ. ಮನೆ ಒಣಗುವವರೆಗೆ ಅಮ್ಮನಿಗೆ ಗಾಳಿಯಾಡುವ ಒಂದು ಕೋಣೆಯ ವ್ಯವಸ್ಥೆ ಈ ವಾರವೇ ಆಗಬೇಕು; ಅದು ನಿಮ್ಮ ಪುಸ್ತಕವೇ ಕೊಟ್ಟ ಮಾತು. ಹಾಸಿಗೆಯ ಸವಕಳಿಯನ್ನು ನೀವೇ ಇಟ್ಟುಕೊಳ್ಳಿ. ಇನ್ನೊಂದು, ನಿಮ್ಮ ಕಚೇರಿಯಿಂದ ಯಾರಾದರೊಬ್ಬರು, ಸಾಧ್ಯವಾದರೆ ತಾವೇ, ನಮ್ಮ ಅಂಗಡಿಯ ಹಿಂದಿನ ಕೋಣೆಗೆ ಬರಬೇಕು. ಫಾರಂ ಬೇಡ, ಕ್ಯಾಮೆರಾ ಬೇಡ. ಅವಳ ಪಕ್ಕದಲ್ಲಿ ಕೂತು, ಅವಳಿಗೆ ಅರ್ಥವಾಗುವ ಮಾತಿನಲ್ಲಿ, “ಅಮ್ಮಾ, ನೀವು ಒಗೆದದ್ದು ತಪ್ಪಲ್ಲ” ಎಂದು ಹೇಳಿ ಹೋಗಬೇಕು. ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವಳು ನಂಬುವುದು ನಿಮ್ಮನ್ನು.

ಇಂತಿ,
ಮನೆ ಶುಚಿಯಾಗಿಟ್ಟುಕೊಂಡ ಅಪರಾಧಿ,
ಲಾಂಡ್ರಿಯವನು